ಲೆವೆಲ್ ಏರಿತು, ಓದು ಏರಲಿಲ್ಲ: ಕಲಿಕಾ ನ್ಯೂನತೆಯ ಮಕ್ಕಳು ಮತ್ತು ‘ಬ್ರೈನ್ ಟ್ರೈನಿಂಗ್’

ಕಟಪಾಡಿಯ ನನ್ನ ಅಕ್ಕನ ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಆರು ತಿಂಗಳು, ಪ್ರತಿ ಶನಿವಾರ ಮಧ್ಯಾಹ್ನ, ತಾಯಿಯ ಜೊತೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತಿದ್ದ. ಅಲ್ಲಿನ ಒಂದು ಸಂಸ್ಥೆಯಲ್ಲಿ ‘ಕಾಗ್ನಿಟಿವ್ ಸ್ಕಿಲ್ಸ್ ಟ್ರೈನಿಂಗ್’, ಅಂದರೆ ನೆನಪು, ಗಮನ ಮುಂತಾದ ಅರಿವಿನ ಕೌಶಲಗಳ ತರಬೇತಿ. ಕಂಪ್ಯೂಟರಿನ ಪರದೆಯಲ್ಲಿ ಒಂದರ ಹಿಂದೆ ಒಂದು ಚೌಕ ಮಿನುಗುತ್ತದೆ. ಅದೇ ಕ್ರಮದಲ್ಲಿ ಒತ್ತಬೇಕು, ಆಮೇಲೆ ಕೊನೆಯಿಂದ ಮೊದಲಿಗೆ ಒತ್ತಬೇಕು. “ಮಾಮ, ಇವತ್ತು ಹನ್ನೆರಡನೇ ಲೆವೆಲ್ ದಾಟಿದೆ” ಎಂದು ಅವನು ಫೋನಿನಲ್ಲಿ ಹೇಳಿದ್ದು ನೆನಪಿದೆ. ಶಾಲೆಯಲ್ಲಿ ಅವನಿಗೆ ಅಂಥ ಗೆಲುವು ಸಿಕ್ಕಿರಲೇ ಇಲ್ಲ, ಹಾಗಾಗಿ ನನಗೂ ಸಂತೋಷವೇ ಆಗಿತ್ತು. ಆದರೆ ಆರು ತಿಂಗಳು ಮುಗಿದ ಮೇಲೂ ಅವನು ‘ಕ್ರಮ’ ಎಂದಿದ್ದರೆ ‘ಕರ್ಮ’ ಎನ್ನುತ್ತಿದ್ದ. ಒಂದು ಪುಟದ ಪಾಠ ಓದಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು, ಓದಿ ಮುಗಿಸುವಷ್ಟರಲ್ಲಿ ಮೊದಲ ಸಾಲು ಏನೆಂದು ಮರೆತಿರುತ್ತಿತ್ತು. ಚೌಕಗಳ ನೆನಪು ಬೆಳೆದಿತ್ತು. ಓದು ಇದ್ದಲ್ಲೇ ಇತ್ತು.

ಹೀಗೆ ಶನಿವಾರಗಳನ್ನೂ ದುಡ್ಡನ್ನೂ ಸುರಿಯುತ್ತಿರುವ ಮನೆಗಳು ಉಡುಪಿ, ಮಂಗಳೂರಿನಲ್ಲಿ ಕಡಿಮೆಯಿಲ್ಲ. ಆ ಹೆತ್ತವರನ್ನು ದೂರುವ ಮನಸ್ಸು ನನಗಿಲ್ಲ. ಮಗ ಅಳುತ್ತಾ ಶಾಲೆಗೆ ಹೋಗುವುದನ್ನು ನೋಡಿದ ತಾಯಿ ಯಾವ ಬಾಗಿಲು ತೆರೆದಿದ್ದರೂ ಒಳಗೆ ಹೋಗುತ್ತಾಳೆ. ಆ ಬಾಗಿಲಿನ ಹಿಂದೆ ಏನಿದೆ, ಏನಿಲ್ಲ ಎಂಬುದನ್ನು ಸಂಶೋಧನೆಗಳು ಸಾಕಷ್ಟು ಸ್ಪಷ್ಟವಾಗಿಯೇ ಹೇಳಿವೆ. ಆ ಮಾತು ನಮ್ಮ ಕಡೆಯ ಹೆತ್ತವರ ತನಕ ಬಂದಿಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಕಲಿಕಾ ನ್ಯೂನತೆ ಎಂದರೆ ಬುದ್ಧಿ ಕಡಿಮೆ ಎಂದಲ್ಲ. ಕಣ್ಣು, ಕಿವಿ ಸರಿಯಿದ್ದು, ಬುದ್ಧಿ ಚುರುಕಾಗಿದ್ದು, ಶಾಲೆಗೆ ತಪ್ಪದೆ ಹೋದರೂ ಓದು, ಬರಹ ಅಥವಾ ಲೆಕ್ಕ ಮಾತ್ರ ವಯಸ್ಸಿಗೆ ತಕ್ಕಷ್ಟು ಕೈಗೆ ಹತ್ತದಿರುವುದು. ಓದಿನ ತೊಂದರೆಗೆ ಡಿಸ್ಲೆಕ್ಸಿಯಾ, ಬರಹದ್ದಕ್ಕೆ ಡಿಸ್ಗ್ರಾಫಿಯಾ, ಲೆಕ್ಕದ್ದಕ್ಕೆ ಡಿಸ್ಕ್ಯಾಲ್ಕುಲಿಯಾ ಎಂಬ ಹೆಸರುಗಳಿವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿ ಶಾಲೆಗೆ ಹೋಗುವ ಮಕ್ಕಳಲ್ಲಿ ಇದರ ಪ್ರಮಾಣವನ್ನು ಶೇ. 5ರಿಂದ 15 ಎಂದು ಹೇಳುತ್ತದೆ. ನಲ್ವತ್ತು ಮಕ್ಕಳ ತರಗತಿಯಲ್ಲಿ ಕಡಿಮೆಯೆಂದರೂ ಇಬ್ಬರು. ನಮ್ಮ ಕಡೆ ಆ ಇಬ್ಬರಿಗೆ ಬೇರೆಯೇ ಹೆಸರಿದೆ: ಉದಾಸೀನ. “ಮಾತಿಗೆ ಜೋರಿದ್ದಾನೆ, ಓದಲಿಕ್ಕೆ ಉದಾಸೀನ” ಎಂದು ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿಸಿಕೊಳ್ಳದ ಡಿಸ್ಲೆಕ್ಸಿಯಾ ಮಗುವಿನ ತಾಯಿ ಕರಾವಳಿಯಲ್ಲಿ ಇರಲಿಕ್ಕಿಲ್ಲ.

ಮಿದುಳಿನ ತರಬೇತಿ ಎಂಬ ಯೋಚನೆಯೇ ಸುಳ್ಳಿನಿಂದ ಹುಟ್ಟಿದ್ದಲ್ಲ. 1974ರಲ್ಲಿ ಬ್ರಿಟನ್ನಿನ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ‘ವರ್ಕಿಂಗ್ ಮೆಮೊರಿ’ಯ ಮಾದರಿಯನ್ನು ಮುಂದಿಟ್ಟರು. ಒಂದು ಕೆಲಸ ಮಾಡುವಾಗ ಅದಕ್ಕೆ ಬೇಕಾದ್ದನ್ನು ಆ ಹೊತ್ತಿಗೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಅದು. “ಮೇಲಿನ ಕಪಾಟಿನಿಂದ ನೀಲಿ ಪುಸ್ತಕ ತೆಗೆದುಕೊಂಡು ಬಾ, ಬರುವಾಗ ಬಾಗಿಲು ಹಾಕು, ಅಜ್ಜಿಯನ್ನು ಊಟಕ್ಕೆ ಕರೆ” ಎಂದರೆ ಬರೀ ಪುಸ್ತಕ ಹಿಡಿದು ಬಂದು ನಿಲ್ಲುವ ಮಗುವಿನಲ್ಲಿ ಈ ಹಿಡಿತ ಸಡಿಲವಾಗಿರುತ್ತದೆ. ಕಲಿಕಾ ನ್ಯೂನತೆಯ ಬಹಳಷ್ಟು ಮಕ್ಕಳಲ್ಲಿ ಹೀಗೆ ಇರುತ್ತದೆ ಎಂಬುದು ನಿಜ. ಹಾಗಾದರೆ ಆ ಶಕ್ತಿಯನ್ನು ವ್ಯಾಯಾಮದಿಂದ ಬೆಳೆಸಿದರೆ ಓದೂ ಬೆಳೆಯಬೇಕಲ್ಲ? 2002ರಲ್ಲಿ ಸ್ವೀಡನ್ನಿನ ಟಾರ್ಕೆಲ್ ಕ್ಲಿಂಗ್‌ಬರ್ಗ್ ಮತ್ತು ಸಂಗಡಿಗರು ಗಮನ ನಿಲ್ಲದ ಮಕ್ಕಳ ಪುಟ್ಟ ಗುಂಪಿನಲ್ಲಿ ಕಂಪ್ಯೂಟರ್ ತರಬೇತಿಯಿಂದ ಒಳ್ಳೆಯ ಫಲ ಕಂಡದ್ದಾಗಿ ಬರೆದಾಗ ಲೋಕಕ್ಕೆಲ್ಲ ಆಸೆ ಹುಟ್ಟಿತು. ‘ಕಾಗ್‌ಮೆಡ್’ ಎಂಬ ತಂತ್ರಾಂಶ ಬಂತು. ಅದರ ಹಿಂದೆ ಅಂಥವೇ ನೂರಾರು ಬಂದವು.

ಆಮೇಲಿನ ಕತೆ ಅಷ್ಟು ಸಿಹಿಯಿಲ್ಲ. ಮೋನಿಕಾ ಮೆಲ್ಬಿ-ಲರ್ವಾಗ್ ಮತ್ತು ಚಾರ್ಲ್ಸ್ ಹ್ಯೂಮ್ ಅಲ್ಲಿಯವರೆಗಿನ ಪ್ರಯೋಗಗಳನ್ನು ಒಟ್ಟು ಹಾಕಿ ತೂಗಿ ನೋಡಿದ್ದು 2013ರಲ್ಲಿ. ತರಬೇತಿ ಪಡೆದವರು ಅದೇ ಬಗೆಯ ನೆನಪಿನ ಆಟಗಳಲ್ಲಿ ಸ್ವಲ್ಪ ಕಾಲ ಮುಂದಿರುತ್ತಾರೆ. ಪದ ಓದುವುದು, ಲೆಕ್ಕ ಮಾಡುವುದು ಇವುಗಳಿಗೆ ಆ ಲಾಭ ಹರಿದು ಬರುವುದಿಲ್ಲ. ಇದಕ್ಕಿಂತ ಗಟ್ಟಿಯಾಗಿ ನನ್ನನ್ನು ತಟ್ಟಿದ್ದು 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗ. ಮೆಲ್ಬರ್ನ್ ನಗರದ ಒಂದನೇ ತರಗತಿಯಲ್ಲಿ ವರ್ಕಿಂಗ್ ಮೆಮೊರಿ ಕಡಿಮೆಯಿದ್ದ 452 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಶಾಲೆಯ ಹೊತ್ತಿನಲ್ಲೇ ಇಪ್ಪತ್ತರಿಂದ ಇಪ್ಪತ್ತೈದು ಬಾರಿ ತರಬೇತಿ, ಇನ್ನೊಂದಕ್ಕೆ ಮಾಮೂಲಿ ಪಾಠ. ತರಬೇತಿಯ ಗುಂಪಿಗೆ ನೆನಪಿನ ಕೆಲವು ಪರೀಕ್ಷೆಗಳಲ್ಲಿ ಮೊದಮೊದಲು ಅಂಕ ಏರಿತು. ಎರಡು ವರ್ಷ ಬಿಟ್ಟು ನೋಡಿದರೆ ಓದಿನಲ್ಲಿ, ಸ್ಪೆಲ್ಲಿಂಗ್‌ನಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಲೆಕ್ಕದಲ್ಲಂತೂ ತರಬೇತಿ ಪಡೆದವರೇ ತುಸು ಹಿಂದೆ ಬಿದ್ದಿದ್ದರು. ತರಬೇತಿಯ ಗಂಟೆಗಳು ಪಾಠದ ಹೊತ್ತಿನಿಂದಲೇ ಬಂದವು ಎಂದು ಯೋಚಿಸಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ.

ಅದೇ ವರ್ಷ ಜನವರಿಯಲ್ಲಿ ಅಮೆರಿಕದ ವ್ಯಾಪಾರ ನಿಯಂತ್ರಣ ಆಯೋಗ ‘ಲುಮೋಸಿಟಿ’ ಎಂಬ ಮಿದುಳಿನ ಆಟಗಳ ಕಂಪನಿಯ ಮೇಲೆ ದಾರಿ ತಪ್ಪಿಸುವ ಜಾಹೀರಾತಿನ ಆರೋಪ ಹೊರಿಸಿ, 20 ಲಕ್ಷ ಡಾಲರ್ ಕಟ್ಟಿಸಿಕೊಂಡಿತು. ಶಾಲೆಯಲ್ಲಿ ಸಾಧನೆ ಹೆಚ್ಚುತ್ತದೆ ಎಂಬುದೂ ಆ ಜಾಹೀರಾತಿನ ಮಾತುಗಳಲ್ಲಿತ್ತು. ನಮ್ಮಲ್ಲಿ ಇನ್ನೂ ಕೆಟ್ಟದ್ದು ನಡೆದಿದೆ: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದಿಸುವ ‘ಮಿಡ್‌ಬ್ರೈನ್ ಆಕ್ಟಿವೇಶನ್’. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಅದರ ಬೆನ್ನು ಬಿದ್ದು, ಮಕ್ಕಳು ಮೂಗಿನ ಬದಿಯ ಸಂದಿನಿಂದ ಇಣುಕಿ ಓದುತ್ತಾರೆ ಎಂದು ಜನರೆದುರೇ ತೋರಿಸಿಕೊಟ್ಟರು. ಅದು ಮಕ್ಕಳಿಗೆ ಸುಳ್ಳು ಹೇಳಲು ಕಲಿಸುವ ವ್ಯಾಪಾರ. ಕಾಗ್ನಿಟಿವ್ ತರಬೇತಿಯನ್ನು ಅದರ ಜೊತೆ ಕೂರಿಸುವುದು ಅನ್ಯಾಯವಾದೀತು. ಇಲ್ಲಿ ಮಗು ನಿಜಕ್ಕೂ ಏನನ್ನೋ ಕಲಿಯುತ್ತದೆ. ಕಲಿತದ್ದು ಓದಿನ ಕಡೆಗೆ ಬರುವುದಿಲ್ಲ, ಅಷ್ಟೆ.

ಯಾಕೆ ಬರುವುದಿಲ್ಲ? ಮಲ್ಪೆಯಲ್ಲಿ ದೋಣಿಗೆ ಹುಟ್ಟು ಹಾಕಿ ಹಾಕಿ ತೋಳು ಗಟ್ಟಿಯಾದವನಿಗೂ ಬಲೆ ಹೆಣೆಯುವುದು ತಾನಾಗಿ ಬರುವುದಿಲ್ಲ. ಎರಡೂ ಕೈಯ ಕೆಲಸವೇ, ಆದರೂ ಬಲೆಗೆ ಬಲೆಯನ್ನೇ ಹಿಡಿದು ಕೂರಬೇಕು. ಓದೂ ಹಾಗೆಯೇ. ಅದಕ್ಕೆ ಬೇಕಾದ ನೆನಪು ಚೌಕದ ನೆನಪಲ್ಲ; ಈ ಗುರುತಿಗೆ ಈ ಸದ್ದು ಎಂಬ ಜೋಡಣೆಯ ನೆನಪು. ಡಿಸ್ಲೆಕ್ಸಿಯಾದ ಬೇರು ಹೆಚ್ಚಿನ ಮಕ್ಕಳಲ್ಲಿ ಕಣ್ಣಲ್ಲಿಲ್ಲ, ಮಾತಿನ ಸದ್ದನ್ನು ಬಿಡಿಸಿ ಹಿಡಿಯುವುದರಲ್ಲಿದೆ. 1983ರಲ್ಲೇ ಇಂಗ್ಲೆಂಡಿನ ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್ 65 ಮಕ್ಕಳೊಂದಿಗೆ ಎರಡು ವರ್ಷ ಕೆಲಸ ಮಾಡಿ ಇದನ್ನು ತೋರಿಸಿದ್ದರು. ಪದಗಳನ್ನು ಸದ್ದಿನ ಪ್ರಕಾರ ವಿಂಗಡಿಸುವುದನ್ನೂ ಆ ಸದ್ದಿನ ಅಕ್ಷರವನ್ನೂ ಜೊತೆಜೊತೆಗೇ ಕಲಿತ ಮಕ್ಕಳು ಎಲ್ಲರಿಗಿಂತ ಮುಂದೆ ಹೋದರು. 2014ರಲ್ಲಿ ಜರ್ಮನಿಯ ಸಂಶೋಧಕರು ಡಿಸ್ಲೆಕ್ಸಿಯಾ ಮಕ್ಕಳ ಮೇಲಿನ 22 ಪ್ರಯೋಗಗಳನ್ನು ಪರಿಶೀಲಿಸಿದಾಗ ಓದು, ಬರಹ ಎರಡರಲ್ಲೂ ಫಲ ಖಚಿತವಾಗಿ ಕಂಡ ವಿಧಾನ ಒಂದೇ: ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಹಂತಹಂತವಾಗಿ ಕಲಿಸುವುದು. ಬಣ್ಣದ ಕನ್ನಡಕಕ್ಕಾಗಲಿ, ಕಿವಿಗೆ ಕೊಡುವ ಬರೀ ಸದ್ದಿನ ತರಬೇತಿಗಾಗಲಿ ಅಂಥ ಆಧಾರ ಸಿಗಲಿಲ್ಲ.

ಇದೆಲ್ಲ ಇಂಗ್ಲಿಷ್ ಮತ್ತಿತರ ಯುರೋಪಿನ ಭಾಷೆಗಳ ಲೆಕ್ಕ. ಕನ್ನಡ ಓದುವ ಮಗು ಎಲ್ಲಿ ಎಡವುತ್ತದೆ ಎಂಬುದನ್ನು ನಾವು ಬೇರೆಯಾಗಿಯೇ ನೋಡಬೇಕು, ಮತ್ತು ನನ್ನ ಮಟ್ಟಿಗೆ ಈ ವಿಷಯದ ಜೀವ ಇರುವುದು ಇಲ್ಲಿಯೇ.

ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 49 ಎಂದು ಹೇಳಿಕೊಳ್ಳುತ್ತೇವೆ, ಆದರೆ ಮಗು ಗುರುತಿಸಬೇಕಾದ್ದು ಅಷ್ಟೇ ಅಲ್ಲ. ಕಾಗುಣಿತದ ರೂಪಗಳೇ ನಾನೂರನ್ನು ದಾಟುತ್ತವೆ, ಮೇಲೆ ಒತ್ತಕ್ಷರ. ‘ದ’, ‘ಧ’, ‘ಥ’ ಬೇರೆಯಾಗುವುದು ಒಂದು ಸೀಳು, ಒಂದು ಚುಕ್ಕೆಯಿಂದ. ಸೊನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮುಖ್ಯ ಮಾತಿದೆ: ಅಕ್ಷರಗಳ ಪೂರ್ತಿ ಹಿಡಿತಕ್ಕೆ ನಮ್ಮ ಮಕ್ಕಳಿಗೆ ಒಂದೆರಡು ವರ್ಷವಲ್ಲ, ನಾಲ್ಕನೇ ತರಗತಿಯವರೆಗೂ ಸಮಯ ಬೇಕು; ‘ಕ’ದೊಳಗೆ ‘ಕ್’ ಮತ್ತು ‘ಅ’ ಇವೆ ಎಂಬ ಬಿಡಿ ಸದ್ದಿನ ಅರಿವು ಇನ್ನೂ ನಿಧಾನವಾಗಿ ಬರುತ್ತದೆ. ಯಾವ ತೊಂದರೆಯೂ ಇಲ್ಲದ ಮಗುವಿಗೇ ಇಷ್ಟು ಹೊತ್ತು. ಎರಡನೇ ಕ್ಲಾಸಿನಲ್ಲಿ ಕಾಗುಣಿತ ಮುಗಿಸಿ ಪುಸ್ತಕ ಮುಚ್ಚುವ ನಮ್ಮ ಶಾಲೆಗಳ ಆತುರ ಡಿಸ್ಲೆಕ್ಸಿಯಾ ಮಗುವನ್ನು ಎಲ್ಲಿ ಬಿಟ್ಟು ಹೋಗುತ್ತದೆ ಎಂದು ಊಹಿಸಬಹುದು.

ಇನ್ನು ‘ಕ್ರಮ’ ಮತ್ತು ‘ಕರ್ಮ’. ‘ಕರ್ಮ’ ಎನ್ನುವಾಗ ಬಾಯಲ್ಲಿ ‘ರ್’ ಮೊದಲು, ‘ಮ’ ಆಮೇಲೆ. ಬರೆಯುವಾಗ ‘ಮ’ ಮೊದಲು, ಅರ್ಕಾವೊತ್ತು ಆಮೇಲೆ. ‘ಆಸ್ತಿ’ಯಲ್ಲಿ ಗುಡಿಸು ಬೀಳುವುದು ‘ಸ’ಕ್ಕೆ, ಅದರ ಸದ್ದು ಹೊರಡುವುದು ‘ತ್’ ಆದ ಮೇಲೆ. ಕಣ್ಣು ನೋಡುವ ಸಾಲಿಗೂ ನಾಲಗೆ ನುಡಿಯುವ ಸಾಲಿಗೂ ತಾಳೆಯಿಲ್ಲದ ಇಂಥ ಕಡೆಗಳಲ್ಲಿ ನನ್ನ ಅಳಿಯ ‘ಆಸಿತ’ ಎಂದು ಓದುತ್ತಿದ್ದ. ನಾವೆಲ್ಲ ನಕ್ಕಿದ್ದೆವು. ಈಗ ನೋಡಿದರೆ, ಕಂಡದ್ದನ್ನು ಕಂಡ ಸಾಲಿನಲ್ಲೇ ಓದಿದ್ದ, ಪಾಪ. ಈ ನಿಯಮವನ್ನು ಬಿಡಿಸಿ ಹೇಳಿ, ಇಂಥ ಹತ್ತು ಪದಗಳನ್ನು ವಾರವಿಡೀ ಓದಿಸಿ, ಬರೆಸಿ, ಬಾಯಿಬಿಟ್ಟು ಹೇಳಿಸುವವರು ಅವನಿಗೆ ಬೇಕಾಗಿತ್ತು. ಚೌಕಗಳ ಹನ್ನೆರಡನೇ ಲೆವೆಲ್‌ನಲ್ಲಿ ಅರ್ಕಾವೊತ್ತು ಇರಲಿಲ್ಲ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಗನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ ಮತ್ತು ಇಂಗ್ಲಿಷ್. ರಾಜ್ಯ ಪಠ್ಯಕ್ರಮವಾದರೆ ಆರನೇ ತರಗತಿಯಿಂದ ಹಿಂದಿಯ ಜೊತೆ ಮೂರನೇ ಲಿಪಿ. ತುಳು ಮಾತಿನಲ್ಲಿ ಮಹಾಪ್ರಾಣದ ಬಳಕೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತುಳು ಮನೆಯ ಮಗು ‘ಬಾರತ’, ‘ಬೂಮಿ’ ಎಂದು ಬರೆದರೆ ಅದು ಕಿವಿಗೆ ಕೇಳಿದ ಹಾಗೆ ಬರೆದದ್ದು, ನ್ಯೂನತೆಯಲ್ಲ. ಅಂಥ ಮಗು ಆ ಒಂದು ತಪ್ಪನ್ನು ಎಲ್ಲ ಕಡೆ ಒಂದೇ ರೀತಿ ಮಾಡುತ್ತದೆ, ಉಳಿದದ್ದನ್ನು ಸರಾಗವಾಗಿ ಓದುತ್ತದೆ. ಡಿಸ್ಲೆಕ್ಸಿಯಾ ಇರುವ ಮಗು ಒಂದೇ ಪುಟದಲ್ಲಿ ಒಂದೇ ಪದವನ್ನು ಮೂರು ರೀತಿ ಓದುತ್ತದೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತದೆ, ಓದುವಾಗ ಬೆವರುತ್ತದೆ. ಕನ್ನಡದಲ್ಲಿ ಚೆನ್ನಾಗಿ ಓದುವ ಮಗು ಇಂಗ್ಲಿಷಿನಲ್ಲಿ ಮಾತ್ರ ತಡವರಿಸಿದರೆ ಮೊದಲು ಕಲಿಸಿದ ರೀತಿಯನ್ನು ಅನುಮಾನಿಸಬೇಕು. ಇಂಗ್ಲಿಷ್ ಪುಸ್ತಕವನ್ನಷ್ಟೇ ಮುಂದಿಟ್ಟು ಪರೀಕ್ಷೆ ಮಾಡಿ ಚೀಟಿ ಬರೆದುಕೊಡುವುದು ಇಲ್ಲಿನ ಮಕ್ಕಳಿಗೆ ಮಾಡುವ ಅನ್ಯಾಯ. ಮನೆಮಾತು ಯಾವುದು ಎಂದು ಕೇಳದೆ ಪರೀಕ್ಷೆ ಶುರು ಮಾಡಿದರೆ ಹೆತ್ತವರೇ ಅದನ್ನು ಹೇಳಬೇಕು.

ನೆನಪಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಉಡುಪಿ ಕಡೆಯ ಹೈಸ್ಕೂಲುಗಳಲ್ಲಿ ಈಗ ಯಕ್ಷಗಾನ ಕಲಿಸುತ್ತಾರೆ. ಪಾಠ ಓದಲಾರದ ಹುಡುಗ ಇಡೀ ಪ್ರಸಂಗದ ಪದ್ಯಗಳನ್ನು ಕೇಳಿಯೇ ಬಾಯಿಪಾಠ ಮಾಡಿ, ತಾಳ ತಪ್ಪದೆ ಕುಣಿದು, ಅರ್ಥ ಹೇಳುವುದನ್ನು ನಾನು ನೋಡಿದ್ದೇನೆ. ಅವನಿಗೆ ‘ನೆನಪಿನ ಶಕ್ತಿ ಇಲ್ಲ’ ಎಂದು ಹೇಗೆ ಹೇಳುವುದು? ಅರ್ಥವಿರುವ, ಲಯವಿರುವ, ಮೈಯಿಂದ ಮಾಡುವ ಸಂಗತಿ ಅವನಲ್ಲಿ ನಿಲ್ಲುತ್ತದೆ. ಪಾಠವನ್ನು ಕಿವಿಯಿಂದ ಕೊಟ್ಟರೆ ಸಮಾಜವೂ ವಿಜ್ಞಾನವೂ ಅವನಿಗೆ ಅರ್ಥವಾಗುತ್ತವೆ. ಓದಿನ ತೊಂದರೆಯಿಂದಾಗಿ ಉಳಿದ ವಿಷಯಗಳೂ ಕೈತಪ್ಪದಂತೆ ನೋಡಿಕೊಳ್ಳುವುದು, ಓದು ಬರಹವನ್ನು ಬುಡದಿಂದ ಮತ್ತೆ ಕಲಿಸುವ ರೆಮಿಡಿಯಲ್ ಕ್ಲಾಸಿನಷ್ಟೇ ಮುಖ್ಯ.

ಹಾಗಾದರೆ ಗಮನ, ನೆನಪು, ಯೋಜನೆ ಇವುಗಳ ಬಗ್ಗೆ ಏನೂ ಮಾಡಬೇಡವೇ? ಬೇಕು, ಆದರೆ ಪಾಠದ ಒಳಗೇ. ಟೀಚರು ಒಂದೇ ಉಸಿರಿಗೆ ನಾಲ್ಕು ಸೂಚನೆ ಕೊಡುವ ಬದಲು ಒಂದೊಂದಾಗಿ ಹೇಳಿ ಬೋರ್ಡಿನ ಮೂಲೆಯಲ್ಲಿ ಬರೆದಿಡುವುದು. ಭಾಗಾಕಾರದ ಹಂತಗಳನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಪುಸ್ತಕಕ್ಕೆ ಅಂಟಿಸುವುದು. ಪ್ರಬಂಧ ಬರೆಯುವ ಮೊದಲು ಏನು ಹೇಳುತ್ತೇನೆಂದು ಬಾಯಲ್ಲಿ ಹೇಳಿಸುವುದು, ಬರೆದ ಮೇಲೆ ಮೂರು ಪ್ರಶ್ನೆ ಕೇಳಿಕೊಂಡು ತಾನೇ ತಿದ್ದಲು ಕಲಿಸುವುದು. ಇವೂ ಅರಿವಿನ ಕೌಶಲಗಳೇ. ಕಲಿಯಬೇಕಾದ ವಿಷಯದ ಮೇಲೆಯೇ ಅಭ್ಯಾಸವಾಗುವುದರಿಂದ ಲಾಭ ಬೇರೆ ಕಡೆಯಿಂದ ಹರಿದು ಬರಲಿ ಎಂದು ಕಾಯಬೇಕಾಗಿಲ್ಲ. ಗಮನದ ತೊಂದರೆಯೂ ಜೊತೆಗಿದ್ದರೆ ಅದನ್ನು ವೈದ್ಯರಿಗೆ ತೋರಿಸಿ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು. ನೆನಪಿನ ಆಟವನ್ನು ಮಗು ಖುಷಿಯಿಂದ ಆಡುತ್ತಿದ್ದರೆ ಆಡಲಿ; ಆದರೆ ರೆಮಿಡಿಯಲ್ ಕ್ಲಾಸಿನ ಹೊತ್ತನ್ನು, ದುಡ್ಡನ್ನು ಅದಕ್ಕೆ ಕೊಡಬಾರದು. ತರಬೇತಿ ಮಾರಲು ಬಂದವರಿಗೆ ಕೇಳಬೇಕಾದ ಪ್ರಶ್ನೆ ಸರಳ: ನನ್ನ ಮಗು ಈಗ ಒಂದು ನಿಮಿಷಕ್ಕೆ ಎಷ್ಟು ಪದ ಸರಿಯಾಗಿ ಓದುತ್ತದೆ, ಮೂರು ತಿಂಗಳ ಬಳಿಕ ಎಷ್ಟು ಓದುತ್ತದೆ ಎಂದು ನೀವು ಎಣಿಸಿ ತೋರಿಸುತ್ತೀರಾ? ಅಕ್ಕ ಈ ಪ್ರಶ್ನೆ ಕೇಳಿದಾಗ ಸಿಕ್ಕಿದ್ದು ಬಣ್ಣಬಣ್ಣದ ಗ್ರಾಫ್. ಅದರಲ್ಲಿ ಚೌಕಗಳ ಲೆಕ್ಕ ಮಾತ್ರ ಇತ್ತು.

ಪರೀಕ್ಷೆ ಮಾಡಿಸುವ ಜಾಗಗಳ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳು ಅದೃಷ್ಟವಂತ. ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ಆಸ್ಪತ್ರೆ, ಕಾಲೇಜುಗಳು, ಕಂಕನಾಡಿಯ ಫಾದರ್ ಮುಲ್ಲರ್‌ನಂಥ ಕಡೆಗಳಲ್ಲಿ ವಾಕ್ ಮತ್ತು ಶ್ರವಣ ತಜ್ಞರು, ಮನಶ್ಶಾಸ್ತ್ರಜ್ಞರು ಇದ್ದಾರೆ. ಸರಕಾರದ ಕಡೆಯಿಂದ ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆ ಇವೆ. ಕೊರತೆ ಇರುವುದು ರಿಪೋರ್ಟ್ ಕೈಗೆ ಬಂದ ಮೇಲೆ. ಮಗು ದಿನಾ ಕೂರುವುದು ಶಾಲೆಯಲ್ಲಿ. ಅಲ್ಲಿ ಅಕ್ಷರದಿಂದ ಅಕ್ಷರಕ್ಕೆ ಕೈಹಿಡಿದು ಕರೆದೊಯ್ಯುವ ಸ್ಪೆಷಲ್ ಎಜುಕೇಟರ್ ಎಷ್ಟು ಶಾಲೆಗಳಲ್ಲಿದ್ದಾರೆ? ಸರಕಾರಿ ಶಾಲೆಗಳಿಗಾಗಿ ಬಿ.ಐ.ಇ.ಆರ್.ಟಿ. ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ, ಇಡೀ ಬ್ಲಾಕಿಗೆ ಬೆರಳೆಣಿಕೆಯಷ್ಟು. ಎಲ್ಲ ಬಗೆಯ ವಿಕಲಚೇತನ ಮಕ್ಕಳೂ, ಎಲ್ಲ ಶಾಲೆಗಳೂ ಅವರದ್ದೇ ಹೆಗಲ ಮೇಲೆ. ಆ ಖಾಲಿ ಜಾಗಕ್ಕೇ ಶನಿವಾರದ ಬ್ರೈನ್ ಟ್ರೈನಿಂಗ್ ಬಂದು ಕೂತಿರುವುದು ಎಂದು ನನಗೆ ಅನಿಸುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇರಲಿಲ್ಲ. 2016ರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿ ಮಾಡಿದಾಗ ಅದೂ ಸೇರಿತು. ಅದರ 16ನೇ ಸೆಕ್ಷನ್, ಸರಕಾರದ ಅನುದಾನವೋ ಮಾನ್ಯತೆಯೋ ಇರುವ ಶಾಲೆಗಳು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ ಅದಕ್ಕೆ ತಕ್ಕ ಬೋಧನೆ ಕೊಡಬೇಕು ಎನ್ನುತ್ತದೆ. ಹಾಗಿರುವಾಗ “ಬೇರೆ ಶಾಲೆ ನೋಡಿ” ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಅದನ್ನು ಒಪ್ಪಿಕೊಂಡು ಎದ್ದು ಬರಬೇಕಾಗಿಲ್ಲ. 2018ರ ಜನವರಿಯ ಕೇಂದ್ರದ ಮಾರ್ಗಸೂಚಿ, ಎಂಟು ವರ್ಷ ತುಂಬಿದ ಮಗುವಿಗೆ ಪ್ರಮಾಣಪತ್ರ ಸಿಗುತ್ತದೆ, ಹದಿನಾಲ್ಕರಲ್ಲಿ ಮತ್ತು ಹದಿನೆಂಟರಲ್ಲಿ ಮತ್ತೆ ಪರೀಕ್ಷಿಸಬೇಕು ಎಂದಿತ್ತು. ಅದೇ ವರ್ಷದ ಇನ್ನೊಂದು ಮಾರ್ಗಸೂಚಿ ಪರೀಕ್ಷೆಯ ಪ್ರತಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯವನ್ನೂ ಬರಹಗಾರರ ನೆರವನ್ನೂ ಹೇಳಿತ್ತು.

ಇಲ್ಲಿ ಒಂದು ತೊಡಕಿದೆ. ಪರೀಕ್ಷೆಗೆ ಬಳಸುವ ನಿಮ್ಹಾನ್ಸ್ ಪ್ರಶ್ನಾವಳಿಗಳ ಮೇಲಿನ ಹಂತ ರೂಪುಗೊಂಡದ್ದು ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ. ಆದರೆ ನಮ್ಮಲ್ಲಿ ಬಹಳಷ್ಟು ಮನೆಗಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದೇ ಒಂಬತ್ತನೇ ಕ್ಲಾಸಿನಲ್ಲಿ, ಎಸ್ಸೆಸ್ಸೆಲ್ಸಿ ಎದುರು ನಿಂತಾಗ. 2024ರಲ್ಲಿ ಉಡುಪಿ ಶೇ. 94 ಪಡೆದು ರಾಜ್ಯಕ್ಕೇ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು, ಉಡುಪಿ ಎರಡನೆಯದು. ಈ ಸಾಧನೆ ನನಗೂ ಹೆಮ್ಮೆಯದೇ. ಆದರೆ ಮೊದಲ ಸ್ಥಾನದ ಲೆಕ್ಕಾಚಾರ ಇರುವ ಜಿಲ್ಲೆಯಲ್ಲಿ ನಿಧಾನವಾಗಿ ಓದುವ ಹುಡುಗ ಶಾಲೆಯ ಫಲಿತಾಂಶಕ್ಕೆ ಅಡ್ಡಿಯಾಗಿ ಕಾಣುತ್ತಾನೆ. ಮೂರನೇ ಕ್ಲಾಸಿನಲ್ಲಿ ಯಾರ ಕಣ್ಣಿಗೂ ಬೀಳದವನು ಒಂಬತ್ತರಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತಾನೆ, ಅಷ್ಟು ಹೊತ್ತಿಗೆ ಆರು ವರ್ಷ ಕಳೆದಿರುತ್ತದೆ.

ಅಳಿಯ ಈಗ ಐದನೇ ಕ್ಲಾಸು. ಮೌಲ್ಯಮಾಪನ ಆಗಿದೆ, ರಿಪೋರ್ಟಿನಲ್ಲಿ ಡಿಸ್ಲೆಕ್ಸಿಯಾ ಎಂದಿದೆ. ಮಂಗಳೂರಿನ ಶನಿವಾರ ನಿಂತಿದೆ; ವಾರಕ್ಕೆ ಎರಡು ದಿನ ಹತ್ತಿರದಲ್ಲೇ ಒಬ್ಬರು ಸ್ಪೆಷಲ್ ಎಜುಕೇಟರ್, ಉಳಿದ ದಿನ ಸಂಜೆ ಅರ್ಧ ಗಂಟೆ ಅಕ್ಕ. ರಟ್ಟಿನ ಚೂರುಗಳಲ್ಲಿ ಅಕ್ಷರ, ಒತ್ತು, ಗುಡಿಸು, ಕೊಂಬು ಬರೆದಿಟ್ಟುಕೊಂಡು ಪದ ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು. ನಿಮಿಷಕ್ಕೆ ಹನ್ನೊಂದು ಪದ ಇದ್ದದ್ದು ನಾಲ್ಕು ತಿಂಗಳಲ್ಲಿ ಇಪ್ಪತ್ತಾರಕ್ಕೆ ಬಂದಿದೆ. ಕ್ಲಾಸಿನ ಉಳಿದವರಿಗಿಂತ ಇನ್ನೂ ತುಂಬ ಹಿಂದೆ, ಆದರೆ ಈ ಅಂಕೆ ಓದಿನದ್ದು.

ಅಕ್ಕನಿಗೆ ಈಗ ಬೇರೆಯೇ ಚಿಂತೆ. ಮುಂದೆ ಭಾಷೆಯಲ್ಲಿ ವಿನಾಯಿತಿ ಕೇಳುವುದಾದರೆ ಯಾವುದನ್ನು ಬಿಡಿಸುವುದು? ಪರಿಚಯದವರೆಲ್ಲ ಕನ್ನಡ ಬಿಡಿಸು ಎನ್ನುತ್ತಾರೆ, ಒತ್ತಕ್ಷರ ಕಷ್ಟ ಅಂತ. ಆದರೆ ಗುರುತಿಗೂ ಸದ್ದಿಗೂ ನಂಬಿಕೆಯ ನಂಟು ಇರುವ ಲಿಪಿ ಕನ್ನಡದ್ದು. ಅರ್ಕಾವೊತ್ತಿನ ಗುಟ್ಟು ಒಮ್ಮೆ ತಿಳಿದರೆ ಎಲ್ಲ ಪದದಲ್ಲೂ ಅದೇ ಗುಟ್ಟು. ಇಂಗ್ಲಿಷಿನಲ್ಲಿ ಆ ಭರವಸೆ ಇಲ್ಲ. ಬಸ್ಸಿನ ಬೋರ್ಡು, ಪಂಚಾಯತಿನ ಅರ್ಜಿ, ಯಕ್ಷಗಾನದ ಕರಪತ್ರ ಎಲ್ಲ ಅವನಿಗೆ ಜೀವಮಾನವಿಡೀ ಸಿಗುವುದು ಕನ್ನಡದಲ್ಲಿ. ನಾನು ಹಿಂದಿ ಬಿಡಿಸು ಎಂದೆ. ಅವಳು ರಿಪೋರ್ಟನ್ನು ಮಡಚಿ ಕಪಾಟಿನಲ್ಲಿಟ್ಟು, “ಆರನೇ ಕ್ಲಾಸಿಗೆ ಹೋಗಲಿ, ಅವನನ್ನೇ ಕೇಳುವ” ಎಂದಳು.